ಕರೆಂಟು ಮೇಡಂ ಮತ್ತು ಪೇಂಟರ್ ಭುಜ

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಲಿಫ್ಟಿಗೂ ನಡುವೆ, ಉದ್ದನೆಯ ಒಂದು ಕೋಣೆಯಿದೆ. ಬಾಗಿಲ ಮೇಲೆ ಫಿಸಿಯೋಥೆರಪಿ ವಿಭಾಗ ಎಂದು ಬರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದವರನ್ನು ಗೇಟಿನ ಕಾವಲುಗಾರ ಇನ್ನೂ ಕಂಡಿಲ್ಲ. ಬರುವವರೆಲ್ಲ ಕೇಳುವುದು ಒಂದೇ ಮಾತು: "ಕರೆಂಟು ಕೊಡೋ ರೂಮು ಎಲ್ಲಿದೆ?" ಹೀಗಾಗಿ ಅಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟಿಗೆ ಕರೆಂಟು ಮೇಡಂ ಎಂಬ ಹೆಸರು ಅಂಟಿಕೊಂಡಿತು.

ಆ ಹೆಸರು ಕಿವಿಗೆ ಬಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು. ವರ್ಷಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಓದಿದ್ದು ಮೂಳೆ, ಸ್ನಾಯು, ನರ, ಕೀಲು. ಕಲಿತಿದ್ದು ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ. ಕೊನೆಗೆ ದಕ್ಕಿದ್ದು ಲೈನ್‌ಮನ್ನಿನ ಬಿರುದು. ಒಮ್ಮೆ ಲಿಫ್ಟಿನಲ್ಲಿ ಯಾರೋ ಒಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದನ್ನು ಅವಳೇ ಕೇಳಿದ್ದಳು: "ಇವರೇ ನೋಡಿ, ಕರೆಂಟು ಕೊಡ್ತಾರಲ್ಲ, ಅವರು." ಪಕ್ಕದವರು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

ಕೋಣೆಯಲ್ಲಿ ಕರೆಂಟಿನ ಪೆಟ್ಟಿಗೆ ಇದ್ದದ್ದು ನಿಜ. ನೋವಿರುವ ಜಾಗಕ್ಕೆ ರಬ್ಬರಿನ ಬಿಲ್ಲೆ ಅಂಟಿಸಿ ಗುಂಡಿ ತಿರುಗಿಸಿದರೆ ಇರುವೆ ಹರಿದ ಹಾಗೆ ಜುಮುಜುಮು ಎನ್ನುತ್ತದೆ. ಸ್ವಲ್ಪ ಹೊತ್ತು ನೋವು ಮರೆಯಾಗುತ್ತದೆ. ಅದರ ಪಕ್ಕ ಸದಾ ಬಿಸಿನೀರಿರುವ ಸ್ಟೀಲಿನ ತೊಟ್ಟಿ. ಅದರೊಳಗೆ ಮುಳುಗಿರುವ ದಪ್ಪ ಚೀಲಗಳನ್ನು ಇಕ್ಕಳದಲ್ಲಿ ಎತ್ತಿ, ಟವೆಲಿನಲ್ಲಿ ಸುತ್ತಿ, ಬೆನ್ನಿಗೋ ಭುಜಕ್ಕೋ ಇಡುವುದು. ಬೆರಳು ಸೆಟೆದವರು ಕೈ ಅದ್ದಲು ಕರಗಿದ ಮೇಣದ ಪಾತ್ರೆ. ಕತ್ತು ನೋವಿನವರಿಗೆ ಗದ್ದಕ್ಕೆ ಪಟ್ಟಿ ಕಟ್ಟಿ ಮೆಲ್ಲಗೆ ಎಳೆಯುವ ಮಂಚ. ಇವೆಲ್ಲಕ್ಕಿಂತ ಹೆಚ್ಚು ಬೇಡಿಕೆಯದು ಅಲ್ಟ್ರಾಸೌಂಡ್ ಯಂತ್ರ. ತಣ್ಣನೆಯ ಜೆಲ್ ಹಚ್ಚಿ, ಶವರಿನ ತಲೆಯಂಥ ಒಂದು ಹಿಡಿಕೆಯನ್ನು ಚರ್ಮದ ಮೇಲೆ ಸುತ್ತಿಸಿದರೆ ಕಿವಿಗೆ ಕೇಳದ ಸದ್ದಿನ ಅಲೆ ಒಳಗೆ ಹೋಗುತ್ತದೆ. ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ, ಕೆಲವರಿಗೆ ಕೊಂಚ ಬೆಚ್ಚಗಾಗುತ್ತದೆ, ಅಷ್ಟೇ.

ಇವೆಲ್ಲ ಇರುವುದು ನೋವು ತಗ್ಗಿಸಿ, ಬಿಗಿದ ಮೈಯನ್ನು ಸಡಿಲ ಮಾಡಿ, ಆಮೇಲೆ ವ್ಯಾಯಾಮ ಮಾಡಿಸುವುದಕ್ಕೆ. ಆ 'ಆಮೇಲೆ' ಎಂಬುದು ಯಾರಿಗೂ ಬೇಕಿರಲಿಲ್ಲ. ಬಿಸಿ ಚೀಲದಡಿ ಸುಖವಾಗಿ ಗೊರಕೆ ಹೊಡೆದವರು, ಯಂತ್ರ ನಿಂತ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. "ವ್ಯಾಯಾಮ?" ಎಂದರೆ "ಮನೇಲಿ ಮಾಡ್ಕೋತೀನಿ ಮೇಡಂ." ಮನೆಯಲ್ಲಿ ಯಾರು ಮಾಡುತ್ತಾರೆ? ಗೋಡೆಗೆ ಹಾಕಿದ್ದ ಭುಜ ತಿರುಗಿಸುವ ಚಕ್ರಕ್ಕೆ ಕೈಚೀಲ ತೂಗುಹಾಕುತ್ತಿದ್ದರು. ನಡೆಯಲು ಕಲಿಸುವ ಕಂಬಿಗಳ ಮೇಲೆ ಒದ್ದೆ ಛತ್ರಿ ಒಣಗುತ್ತಿತ್ತು. ಅವನ್ನು ತೆಗೆದಿಟ್ಟು ತೆಗೆದಿಟ್ಟು ಅವಳಿಗೆ ಸಾಕಾಗಿ ಹೋಗಿತ್ತು.

ಇಷ್ಟು ಸಿಟ್ಟು ಅವಳಿಗೆ ಬಂದದ್ದು ಸುಮ್ಮನೆ ಅಲ್ಲ. ಅಪ್ಪ ಲಾರಿ ಡ್ರೈವರ್ ಆಗಿದ್ದವನು. ಅವಳು ಇನ್ನೂ ಶಾಲೆಯಲ್ಲಿದ್ದಾಗ ಅವನ ಮೊಣಕೈ ಮುರಿಯಿತು. ಪ್ಲಾಸ್ಟರ್ ಹಾಕಿದರು, ಬಿಚ್ಚಿದರು, ಮೂಳೆ ಕೂಡಿದೆ ಹೋಗಿ ಎಂದರು. ನೋಯುತ್ತದೆಂದು ಅಪ್ಪ ಕೈಯನ್ನು ಎದೆಗೆ ಅವಚಿಕೊಂಡೇ ಕೂತ. ಮನೆಯವರೂ ಪಾಪ ಎಂದು ತುತ್ತು ಕಲಸಿ ಕೊಟ್ಟರು. ಕೈ ಹಾಗೇ ಮಡಿಚಿದಲ್ಲೇ ನಿಂತುಬಿಟ್ಟಿತು. ಸ್ಟೇರಿಂಗ್ ಹಿಡಿಯಲಾಗದೆ, ಕೊನೆಗೆ ಒಂದು ಗೋದಾಮಿನ ಬಾಗಿಲು ಕಾಯುವ ಕೆಲಸ ಹಿಡಿದ. ಈಗ ಮಗಳ ಮನೆಯಲ್ಲೇ ಇದ್ದಾನೆ. ಆ ಮಡಿಚಿದ ಕೈಗೆ ತರಕಾರಿ ಚೀಲ ಸಿಕ್ಕಿಸಿಕೊಂಡು ಆರಾಮಾಗಿ ಪೇಟೆ ಸುತ್ತಿ ಬರುತ್ತಾನೆ. ಅವನಿಗೆ ಯಾರ ಮೇಲೂ ದೂರಿಲ್ಲ. ಆ ದೂರನ್ನೆಲ್ಲ ಮಗಳೇ ಹೊತ್ತುಕೊಂಡು ದಿನಾ ಕೆಲಸಕ್ಕೆ ಹೋಗುತ್ತಿದ್ದಳು.

ಇಂಥ ಕೋಣೆಗೆ ಒಂದು ದಿನ ಪೇಂಟರ್ ಬಂದ.

ಮನೆಗಳಿಗೆ ಬಣ್ಣ ಹೊಡೆಯುವ ಆಸಾಮಿ. ಏಣಿಯಿಂದ ಬಿದ್ದು ಬಲತೋಳಿನ ಮೂಳೆ ಭುಜದ ಹತ್ತಿರವೇ ಬಿರುಕು ಬಿಟ್ಟಿತ್ತು. ಕೊರಳಿಗೆ ಪಟ್ಟಿ ಕಟ್ಟಿ ಕೈ ತೂಗುಹಾಕಿದ ಮೂಳೆ ಡಾಕ್ಟರು, ಸ್ವಲ್ಪ ದಿನಕ್ಕೆ ಪಟ್ಟಿ ಬಿಚ್ಚಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ಆಡಿಸಲು ಹೇಳಿದ್ದರು. ಪೇಂಟರಿಗೆ ಪಟ್ಟಿ ಬಲು ಹಿತವಾಗಿ ಕಂಡಿತು. ಬಿಚ್ಚಲೇ ಇಲ್ಲ. ಅವನು ಬರುವ ಹೊತ್ತಿಗೆ ಮೂಳೆ ಕೂಡಿತ್ತು, ಭುಜ ಮಾತ್ರ ತುಕ್ಕು ಹಿಡಿದ ಬೀಗದಂತೆ ಬಿಗಿದಿತ್ತು. ಕೈ ಪಕ್ಕಕ್ಕೆ ಎತ್ತಿ ಎಂದರೆ ಕೈ ಅಲ್ಲಾಡುತ್ತಿರಲಿಲ್ಲ, ಇಡೀ ಹೆಗಲು ಕಿವಿಯ ಕಡೆಗೆ ಏರುತ್ತಿತ್ತು.

ಜೊತೆಗೆ ಹೆಂಡತಿ. ಗಂಡನಿಗೆ ಕೇಳಿದ ಪ್ರಶ್ನೆಗೆಲ್ಲ ಅವಳದೇ ಉತ್ತರ.

"ನೋವು ಎಲ್ಲಿದೆ?"

"ಇಲ್ಲಿಂದ ಶುರುವಾಗಿ ಇಲ್ಲೀವರೆಗೂ ಮೇಡಂ," ಎಂದು ಹೆಂಡತಿ ಗಂಡನ ಮೈಮೇಲೆ ಬೆರಳಾಡಿಸಿ ತೋರಿಸಿದಳು.

"ಅವರು ಹೇಳಲಿ."

"ಅವರಿಗೆ ಸರಿಯಾಗಿ ಹೇಳೋಕೆ ಬರಲ್ಲ."

ಸರಿಯಾಗಿ ಹೇಳಲು ಬಾರದ ಆ ಮನುಷ್ಯ ಬಿಸಿ ಚೀಲ ಹಾಕಿ ಕೂರಿಸಿದ ಕೂಡಲೇ ಬಾಯಿ ಬಿಟ್ಟ. ಬಿಟ್ಟಿದ್ದು ಭುಜದ ಬಗ್ಗೆ ಅಲ್ಲ, ಗೋಡೆಯ ಬಗ್ಗೆ. "ಇದಕ್ಕೆ ಬಣ್ಣ ಹೊಡ್ದೋನು ಯಾರು ಮೇಡಂ? ಹಳೇದು ಕೆರೀದೇ ಮೇಲೇ ಬಳಿದಿದ್ದಾನೆ. ಅದಕ್ಕೇ ಹಪ್ಪಳ ಎದ್ದಿದೆ." ಮಾರನೆಯ ದಿನವೂ ಅದೇ ಗೋಡೆ. ಆಚೆ ದಿನ ಕಿಟಕಿಯ ಚೌಕಟ್ಟು. ಮೇಡಂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಅಲ್ಟ್ರಾಸೌಂಡ್ ಎಂದರೆ ಪೇಂಟರಿಗೆ ಪ್ರಾಣ. ಹಿಡಿಕೆ ಭುಜಕ್ಕೆ ತಾಗಿದೊಡನೆ ಕಣ್ಣು ಮುಚ್ಚಿ, "ಆಹಾ, ಒಳಗೆ ಹೋಗ್ತಾ ಇದೆ ನೋಡಿ, ಬುಡಕ್ಕೇ ಹೋಗ್ತಾ ಇದೆ," ಎನ್ನುತ್ತಿದ್ದ. ಕೈ ಎತ್ತಲು ಹೇಳಿದರೆ ಮಾತ್ರ, "ಇವತ್ತು ಬೇಡ ಮೇಡಂ, ಈಗಷ್ಟೇ ಮಷಿನ್ ಇಟ್ಟಿದ್ದೀರಿ, ಅದು ಒಳಗೆ ಕೆಲಸ ಮಾಡ್ಲಿ."

ಅವನೊಬ್ಬನೇ ಅಲ್ಲ. ಆ ದಿನಗಳಲ್ಲಿ ಕೋಣೆಗೆ ಬರುತ್ತಿದ್ದವರೆಲ್ಲ ಆ ಯಂತ್ರವನ್ನು ಹೊಗಳಿದ್ದೇ ಹೊಗಳಿದ್ದು. ಒಬ್ಬರು ಸೊಂಟ ಹಗುರಾಯಿತೆಂದರು. ಹಿಮ್ಮಡಿ ನೋವಿನವರೊಬ್ಬರು ಆ ಹಿಡಿಕೆಗೇ ಕೈಮುಗಿದು ಹೋದರು.

ಒಂದು ಬೆಳಿಗ್ಗೆ ರೋಗಿಗಳು ಬರುವ ಮುನ್ನ ಅವಳು ಯಂತ್ರಗಳನ್ನು ಒರೆಸುತ್ತಿದ್ದಳು. ಹಿಡಿಕೆಯ ಮುಖ ಮೇಲಕ್ಕೆ ಮಾಡಿ ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಗುಂಡಿ ಒತ್ತಿದಳು. ಯಂತ್ರ ಸರಿಯಿದ್ದರೆ ಆ ನೀರು ಕಾದ ಬಾಣಲೆಗೆ ಬಿದ್ದಂತೆ ಕುಣಿಯುತ್ತದೆ. ನೀರು ಕುಣಿಯಲಿಲ್ಲ. ದೀಪ ಉರಿಯುತ್ತಿತ್ತು, ಅಂಕಿಗಳು ಓಡುತ್ತಿದ್ದವು, ಟಿಣ್ ಎಂದು ಗಂಟೆಯೂ ಹೊಡೆಯಿತು. ಹನಿಗಳು ಮಾತ್ರ ಎಲೆಯ ಮೇಲಿನ ಮಂಜಿನ ಹಾಗೆ ನಿಶ್ಚಿಂತೆಯಿಂದ ಕೂತಿದ್ದವು. ಶಕ್ತಿಯ ಅಂಕಿ ಹೆಚ್ಚಿಸಿದಳು. ಊಹೂಂ. ವೈರು ಬಿಗಿ ಮಾಡಿ ಮತ್ತೆ ನೋಡಿದಳು. ಯಂತ್ರ ಸತ್ತಿತ್ತು. ಯಾವತ್ತು ಸತ್ತಿತೋ ದೇವರಿಗೇ ಗೊತ್ತು.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಬುಡಕ್ಕೇ ಹೋಗುತ್ತಿದೆ ಎಂದದ್ದು, ಸೊಂಟ ಹಗುರಾದದ್ದು, ಕೈಮುಗಿದದ್ದು, ಎಲ್ಲ ಬರೀ ತಣ್ಣನೆಯ ಜೆಲ್ಲಿಗೆ. ನಗು ಬಂತು, ನಗು ಮುಗಿಯುವ ಮೊದಲೇ ಸಿಟ್ಟು ಬಂತು.

ಆಡಳಿತಾಧಿಕಾರಿಯ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು. "ರೋಗಿಗಳು ಕಂಪ್ಲೇಂಟ್ ಕೊಟ್ಟಿದ್ದಾರಾ?"

"ಇಲ್ಲ ಸರ್. ಚೆನ್ನಾಗಿದೆ ಅಂತಿದ್ದಾರೆ."

"ಮತ್ತೆ?"

"ಮತ್ತೆ ಅಂದ್ರೆ? ಅದು ಕೆಲಸ ಮಾಡ್ತಿಲ್ಲ ಸರ್."

"ಗುಣ ಆಗ್ತಿದೆ ಅಂತೀರಿ, ಕೆಲಸ ಮಾಡ್ತಿಲ್ಲ ಅಂತೀರಿ. ಎರಡರಲ್ಲಿ ಒಂದು ಹೇಳಿ ಮೇಡಂ. ರಿಪೇರಿಗೆ ಕಳಿಸಿದ್ರೆ ಯಾವಾಗ ಬರುತ್ತೋ. ಅಲ್ಲೀವರೆಗೂ ನಡೀಲಿ ಬಿಡಿ."

ಅವಳು ನಡೆಯಲು ಬಿಡಲಿಲ್ಲ. ಯಂತ್ರಕ್ಕೆ ಒಂದು ಬಿಳಿ ಬಟ್ಟೆ ಹೊದಿಸಿ, ರಿಪೇರಿಗೆ ಚೀಟಿ ಬರೆದುಕೊಟ್ಟು, ಬಂದವರಿಗೆಲ್ಲ ಕೆಟ್ಟಿದೆ ಎಂದಳು. ಯಾವತ್ತಿನಿಂದ ಎಂದು ಕೇಳಿದವರಿಗೆ ಗೊತ್ತಿಲ್ಲ ಎಂದೂ ಹೇಳಿದಳು. ಸತ್ಯ ಹೇಳಿದ್ದಕ್ಕೆ ಯಾರೂ ಬೆನ್ನು ತಟ್ಟಲಿಲ್ಲ. ಸೊಂಟ ನೋವಿನವರಿಗೆ ಅಂದು ರಾತ್ರಿಯಿಂದಲೇ ನೋವು ವಾಪಸು ಬಂತು. ಹಿಮ್ಮಡಿಯವರು, "ನಮ್ಮಂಥೋರಿಗೆ ಹಾಕಬಾರ್ದು ಅಂತ ಮುಚ್ಚಿಟ್ಟಿದ್ದಾರೆ, ಗೊತ್ತಿರೋರಿಗೆ ಹಾಕ್ತಾರೆ," ಎಂದು ಹೊರಗಿನ ಬೆಂಚಿನ ಮೇಲೆ ಕೂತು ಸುದ್ದಿ ಹಬ್ಬಿಸಿದರು. ಪೇಂಟರಂತೂ ಕೆಂಡವಾದ.

"ನನಗೆ ಬಿಸಿ ಆಗಿತ್ತು ಮೇಡಂ. ನನ್ನ ಭುಜ, ನನಗೆ ಗೊತ್ತಿಲ್ವಾ?"

"ಬಿಸಿ ಆಗಿದ್ದು ಅದಕ್ಕೂ ಮುಂಚೆ ಇಟ್ಟ ಚೀಲದಿಂದ. ಅದು ಈಗಲೂ ಇದೆ. ಚೀಲ ಇಡ್ತೀನಿ, ಆಮೇಲೆ ಕೈ ಎತ್ತಿ."

"ಮಷಿನ್ ಇಲ್ದೆ ಕೈ ಎತ್ತೋದಾದ್ರೆ ನಾನು ಆಸ್ಪತ್ರೆಗೆ ಯಾಕೆ ಬರಬೇಕು?"

ಅದಕ್ಕೆ ಅವಳ ಬಳಿ ಒಳ್ಳೆಯ ಉತ್ತರವೇ ಇತ್ತು. ಕೇಳಲು ಅವನು ನಿಲ್ಲಲಿಲ್ಲ. ಹೆಂಡತಿ ಹಿಂದಿನಿಂದ, "ಬರ್ತೀವಿ ಮೇಡಂ," ಎಂದು ಅರ್ಧ ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಿ ಚೀಲ ಹೆಗಲಿಗೇರಿಸಿಕೊಂಡು ಓಡಿದಳು.

ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವನು ಅವರೆಕಾಯಿಯೋ ಮತ್ತೊಂದೋ ಸುಲಿಯುತ್ತ ಕೂತಿದ್ದ. "ಸುಮ್ನೆ ಇಟ್ಟಿದ್ರೆ ಆಗ್ತಿತ್ತಲ್ಲಮ್ಮ. ನೋವು ಕಡಿಮೆ ಆಯ್ತು ಅಂದ್ರಲ್ಲ."

"ಅಪ್ಪ, ಸತ್ತ ಮಷಿನ್ ಹಿಡ್ಕೊಂಡು ಜನರ ಮೈ ಸವರ್ತಾ ಕೂರ್ಲಾ ನಾನು?"

"ಸವರಿದ್ದಕ್ಕೇ ಕಡಿಮೆ ಆಗಿರಬಹುದು. ನಿನ್ನ ಕೈ ಒಳ್ಳೇದು."

ಅಪ್ಪ ಹೇಳಿದ್ದರಲ್ಲಿ ಹುರುಳಿತ್ತು. ಒಬ್ಬರು ಹತ್ತಿರ ಕೂತು, ನೋವಿನ ಜಾಗ ಮುಟ್ಟಿ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರೆ ಯಾರಿಗಾದರೂ ಹಾಯೆನಿಸುತ್ತದೆ. ಅದು ಸುಳ್ಳಲ್ಲ. ಹಾಯೆನಿಸಿದ ಮಾತ್ರಕ್ಕೆ ಬಿಗಿದ ಭುಜ ಬಿಡುವುದಿಲ್ಲ, ಅದೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆಂದು ತಿಳಿಯದೆ ಅವಳು ಸುಲಿದ ಸಿಪ್ಪೆ ಎತ್ತಿಕೊಂಡು ಹೋಗಿ ಹೊರಗೆ ಹಾಕಿ ಬಂದಳು.

ಪೇಂಟರ್ ಕೆಲವು ವಾರ ಈ ಕಡೆ ಸುಳಿಯಲಿಲ್ಲ. ತಿರುಗಿ ಬಂದಾಗ ತೋಳು ಮೊಣಕೈವರೆಗೂ ಬಾತುಕೊಂಡಿತ್ತು. ಯಾರೋ ಒಬ್ಬ ಉಳುಕು ತೆಗೆಯುವವನ ಹತ್ತಿರ ಹೋಗಿದ್ದಾರೆ. ಅವನು ಎಣ್ಣೆ ಹಾಕಿ, ಮಾತಾಡಿಸುತ್ತ ಮಾತಾಡಿಸುತ್ತ, ಕೈ ಹಿಡಿದು ಒಂದೇ ಸಲಕ್ಕೆ ಜಗ್ಗಿದ್ದಾನೆ. ಪೇಂಟರ್ ಕೂಗಿದ ಕೂಗಿಗೆ ಬೀದಿಯ ಜನ ಸೇರಿದರಂತೆ. ಇದನ್ನು ಹೇಳಿದ್ದು ಹೆಂಡತಿ. ಗಂಡ ಆ ದಿನ ಗೋಡೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಕರೆಂಟು ಮೇಡಂ ಬಾಯಿಗೆ ಬೈಗುಳ ತುಂಬಿ ಬಂತು. ನುಂಗಿಕೊಂಡಳು. ಮೊದಲು ಮೂಳೆ ಡಾಕ್ಟರ ಹತ್ತಿರ ಕಳಿಸಿ ಎಕ್ಸ್‌ರೇ ಮಾಡಿಸಿದಳು. ಪುಣ್ಯಕ್ಕೆ ಮತ್ತೇನೂ ಮುರಿದಿರಲಿಲ್ಲ. ಬಾವು ಇಳಿಯುವವರೆಗೆ ಬಿಸಿಯ ಬದಲು ಐಸು ಇಟ್ಟಳು. ಆಮೇಲೆ ಮತ್ತೆ ಬಿಸಿ ಚೀಲ, ಮತ್ತೆ ಅದೇ ಪಾಠ.

"ಗೋಡೆಗೆ ಮುಖ ಮಾಡಿ ನಿಂತ್ಕೊಳಿ. ಬೆರಳುಗಳನ್ನ ಗೋಡೆ ಮೇಲೆ ಮೆಲ್ಲಗೆ ಹತ್ತಿಸ್ತಾ ಹೋಗಿ. ಎಲ್ಲಿ ನೋಯುತ್ತೋ ಅಲ್ಲಿ ಸ್ವಲ್ಪ ನಿಲ್ಲಿ."

"ಈ ಗೋಡೆಗಾ?" ಪೇಂಟರ್ ಮುಖ ಸಿಂಡರಿಸಿದ. "ಮುಟ್ಟಿದ್ರೆ ಚಕ್ಕೆ ಉದುರುತ್ತೆ."

"ಉದುರ್ಲಿ."

"ಮಕ್ಕಳ ಆಟದ ಥರ ಇದೆ ಮೇಡಂ ಇದು. ಜನ ನೋಡ್ತಾರೆ."

ಆ ದಿನ ಅಪ್ಪ ಅವಳು ಮರೆತು ಬಂದಿದ್ದ ಊಟದ ಡಬ್ಬಿ ತಂದುಕೊಡಲು ಆಸ್ಪತ್ರೆಗೆ ಬಂದಿದ್ದ. ಮಡಿಚಿದ ಕೈಗೆ ಡಬ್ಬಿಯ ಚೀಲ ನೇತಾಡುತ್ತಿತ್ತು. ಇದನ್ನು ನೋಡಿಯಾದರೂ ಈ ಮನುಷ್ಯನಿಗೆ ಬುದ್ಧಿ ಬರಲಿ ಎಂದು ಅವಳು ಅಪ್ಪನನ್ನು ಪೇಂಟರ್ ಪಕ್ಕದಲ್ಲೇ ಕೂರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ, ಇಬ್ಬರೂ ಹಳೆಯ ಕಾಲದ ಲಾರಿಗಳಿಗೆ ಯಾವ ಬಣ್ಣ ಚೆನ್ನಾಗಿ ನಿಲ್ಲುತ್ತಿತ್ತು ಎಂಬ ಮಾತಿನಲ್ಲಿ ಮೈಮರೆತಿದ್ದರು. ಪೇಂಟರ್ ಕೈ ಮಡಿಲಲ್ಲಿ ತಣ್ಣಗೆ ಮಲಗಿತ್ತು.

"ಅಪ್ಪ," ಎಂದಳು ಹಲ್ಲು ಕಚ್ಚಿ, "ನೀನಿನ್ನು ಮನೆಗೆ ಹೊರಡು."

ಅಪ್ಪನ ಕೈ ನೋಡಿದ್ದು ಪೇಂಟರ್ ಅಲ್ಲ, ಅವನ ಹೆಂಡತಿ. ಹೊರಗೆ ಲಿಫ್ಟಿನ ಬಳಿ ಅವಳು ಮುದುಕನನ್ನು ನಿಲ್ಲಿಸಿ ಕೇಳಿದಳಂತೆ: "ಇದು ನೋಯುತ್ತಾ ಅಪ್ಪಾಜಿ?"

"ಈಗ ನೋವಿಲ್ಲಮ್ಮ. ನೋವಿದ್ದಾಗ ಆಡಿಸ್ಲಿಲ್ಲ, ಅಷ್ಟೇ."

ಮರುದಿನ ಪೇಂಟರ್ ಹೆಂಡತಿ ಚೀಲದಿಂದ ಬಣ್ಣ ಕೆರೆಯುವ ಅಗಲ ಬಾಯಿಯ ಕಬ್ಬಿಣದ ಪಟ್ಟಿಯೊಂದನ್ನು ತೆಗೆದು ಗಂಡನ ಮುಂದೆ ಹಿಡಿದಳು. "ಗೋಡೆ ಸರಿಯಿಲ್ಲ ಅಂತೀರಲ್ಲ. ಕೆರೀರಿ."

ಪೇಂಟರ್ ಹೆಂಡತಿಯ ಮುಖ ನೋಡಿದ, ಮೇಡಂ ಮುಖ ನೋಡಿದ. ಎಡಗೈಯಲ್ಲಿ ಪಟ್ಟಿ ತೆಗೆದುಕೊಂಡು ಎದ್ದ. ಕರೆಂಟು ಮೇಡಂ ಅದನ್ನು ಕಿತ್ತು ಅವನ ಬಲಗೈಗೆ ಇಟ್ಟಳು. ಒಂದು ಅಂಗೈಯನ್ನು ಅವನ ಭುಜದ ಮೇಲೆ ಒತ್ತಿ ಹಿಡಿದು, "ಹೆಗಲು ಎತ್ತಬೇಡಿ, ಕೈ ಎತ್ತಿ," ಎಂದಳು.

ಮೊದಲ ದಿನ ಸೊಂಟದೆತ್ತರದಲ್ಲಿ ಒಂದು ಅಂಗೈಯಗಲ ಜಾಗ ಕೆರೆಯುವಷ್ಟರಲ್ಲಿ ಅವನ ಹಣೆಯಲ್ಲಿ ಬೆವರು ಹನಿಯಿತು. ಬಿಟ್ಟುಬಿಡುತ್ತಾನೆ ಎಂದುಕೊಂಡಳು. ಬಿಡಲಿಲ್ಲ. ಕೆರೆದ ಜಾಗಕ್ಕೂ ಕೆರೆಯದ ಜಾಗಕ್ಕೂ ನಡುವಿನ ಗೆರೆ ಅವನಿಗೆ ಕಣ್ಣಿಗೆ ಬಿದ್ದ ಕಸವಾಯಿತು. ಬಿಸಿ ಚೀಲ ಇಡುವಾಗಲೂ ಕತ್ತು ಅತ್ತಲೇ. ಚೀಲ ತೆಗೆದ ಕೂಡಲೇ ತಾನೇ ಎದ್ದು ಹೋಗಿ ಗೋಡೆಯ ಮುಂದೆ ನಿಲ್ಲುತ್ತಿದ್ದ. ನೋವಿಗೆ ಹಲ್ಲು ಕಚ್ಚುತ್ತಿದ್ದ, ಮೊದಲು ಬಣ್ಣ ಹೊಡೆದವನ ಏಳು ತಲೆಮಾರನ್ನೂ ಬೈಯುತ್ತಿದ್ದ. ಅವಳೂ ಪಕ್ಕದಲ್ಲೇ ನಿಂತು ಇವನನ್ನು ಬೈಯುತ್ತಿದ್ದಳು: ಬೆನ್ನು ಬಗ್ಗಿಸಬೇಡಿ, ಕಾಲ ಬೆರಳ ಮೇಲೆ ನಿಂತು ಮೋಸ ಮಾಡಬೇಡಿ, ಉಸಿರು ಬಿಗಿ ಹಿಡಿಯಬೇಡಿ.

ಇದರ ನಡುವೆ ಕೈ ಸುಲಭವಾಗಿ ಬಂತೆಂದೇನೂ ಅಲ್ಲ. ಮಂಚದ ಮೇಲೆ ಮಲಗಿಸಿ ಅವಳು ತೋಳು ಹಿಡಿದು ಮೆಲ್ಲಗೆ ಎಳೆದು ತಿರುಗಿಸುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲವು ದಿನ ನಿನ್ನೆ ಏರಿದಷ್ಟೂ ಏರದೆ, ಅವನು ಕೆರೆಯುವ ಪಟ್ಟಿಯನ್ನು ನೆಲಕ್ಕೆ ಎಸೆದು ಹೊರಗೆ ಹೋಗಿ ಕೂರುತ್ತಿದ್ದ. ಹೆಂಡತಿ ಅದನ್ನು ಎತ್ತಿ, ಒರೆಸಿ, ಮತ್ತೆ ಅವನ ಕೈಗೆ ಕೊಡುತ್ತಿದ್ದಳು. ಒಂದು ದಿನ ಅವನು, "ಇದು ಇಷ್ಟೇ ಮೇಡಂ, ನನ್ನ ಕಥೆ ಮುಗೀತು. ಏಣಿ ಹತ್ತದೋನು ಪೇಂಟರ್ ಹೇಗಾಗ್ತಾನೆ," ಎಂದು ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟ. ಮೇಡಂಗೆ ಸಮಾಧಾನದ ಮಾತಾಡಲು ಎಂದೂ ಬಂದದ್ದಿಲ್ಲ. "ಏಣಿ ಆಮೇಲೆ ನೋಡೋಣ. ಈಗ ಆ ಸ್ವಿಚ್ಚಿನ ಪಕ್ಕ ಒಂದು ಚಕ್ಕೆ ಬಿಟ್ಟಿದ್ದೀರಿ," ಎಂದಳು. ಅವನು ತಲೆಯೆತ್ತಿ ನೋಡಿದ. ನಿಜವಾಗಿಯೂ ಬಿಟ್ಟಿದ್ದ.

ಕೆರೆತ ಮುಗಿದ ಮೇಲೆ ಬಣ್ಣ ಬೇಕಲ್ಲ. ಬೇರೆ ಬೇರೆ ಮನೆಗಳಿಗೆ ಹೊಡೆದು ಉಳಿದಿದ್ದ ಡಬ್ಬಿಗಳನ್ನು ಹೆಂಡತಿ ಒಂದೊಂದಾಗಿ ಮನೆಯಿಂದ ಹೊತ್ತು ತಂದಳು. ಪೇಂಟರ್ ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು, ಕೋಲಿನಲ್ಲಿ ಕಲಕಿದ. ಕಲಕುವುದೂ ಬಲಗೈಯಲ್ಲೇ ಎಂದು ಮೇಡಂ ಕಣ್ಣು ಬಿಟ್ಟಿದ್ದಕ್ಕೆ ಗೊಣಗುತ್ತಲೇ ಕೈ ಬದಲಿಸಿದ. ಕೊನೆಗೆ ಬಂದ ಬಣ್ಣ ಹಸಿರೂ ಅಲ್ಲ, ಬೂದಿಯೂ ಅಲ್ಲ. ರೋಗಿಗಳು ಇಂದಿಗೂ ಅದರ ಬಗ್ಗೆ ಜಗಳವಾಡುತ್ತಾರೆ.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ, ಕಿಟಕಿ ತೆರೆದಿಟ್ಟು ಅವನು ರೋಲರ್ ಹಿಡಿಯುತ್ತಿದ್ದ. ಬಣ್ಣದ ವಾಸನೆ ಆಡಳಿತಾಧಿಕಾರಿಯ ಮೂಗಿಗೆ ಬಡಿಯದೆ ಇರುತ್ತದೆಯೇ?

"ಯಾರ ಅನುಮತಿ ತಗೊಂಡ್ರಿ ಮೇಡಂ?"

"ಇದು ವ್ಯಾಯಾಮ ಸರ್."

"ಗೋಡೆಗೆ ಬಣ್ಣ ಹೊಡೆಯೋದು ವ್ಯಾಯಾಮಾನಾ? ರೋಗಿ ಹತ್ರ ಕೆಲಸ ಮಾಡಿಸ್ಕೊಂಡ್ರು ಅಂತ ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಆ ಮಾತು ಅವಳನ್ನು ಚುಚ್ಚಿತು, ಏಕೆಂದರೆ ಅದರಲ್ಲಿ ತಪ್ಪೇನಿರಲಿಲ್ಲ. ಅವಳು ಉತ್ತರ ಹುಡುಕುವಷ್ಟರಲ್ಲಿ ಪೇಂಟರೇ ರೋಲರ್ ಇಳಿಸಿ ತಿರುಗಿದ. "ಸರ್, ನನ್ನ ಭುಜ ಈ ಗೋಡೆ ಕೆಲಸ ಒಪ್ಪಿಕೊಂಡಿದೆ. ನೀವು ಬೇಡ ಅಂದ್ರೆ ಅರ್ಧಕ್ಕೇ ಬಿಡ್ತೀನಿ. ಆದ್ರೆ ಅರ್ಧಕ್ಕೆ ಬಿಟ್ಟ ಗೋಡೆ ನೋಡೋಕೆ ಹೇಗಿರುತ್ತೆ ಅಂತ ಯೋಚನೆ ಮಾಡಿ." ಆಡಳಿತಾಧಿಕಾರಿ ಗೋಡೆ ನೋಡಿದರು. ಮೂಳೆ ಡಾಕ್ಟರ ಒಪ್ಪಿಗೆ ಪಡೆದು, ಈ ಒಂದು ಗೋಡೆ ಮಾತ್ರ ಮುಗಿಸಿ ಎಂದು ಹೇಳಿ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಕೋಣೆಯ ಸೀಲಿಂಗ್ ಬಗ್ಗೆ ಏನೋ ಕೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಸುಮ್ಮನಾದರು.

ತಲೆನೋವು ಅಲ್ಲಿಗೂ ಮುಗಿಯಲಿಲ್ಲ. ಸುದ್ದಿ ಬೆಂಚಿಗೆ ಮುಟ್ಟಿತು. ಸೊಂಟ ನೋವಿನವರು, ಕತ್ತು ನೋವಿನವರು, ಎಲ್ಲರಿಗೂ ಈಗ 'ಬಣ್ಣದ ಟ್ರೀಟ್‌ಮೆಂಟ್' ಬೇಕಾಯಿತು. ಹಿಮ್ಮಡಿಯವರು, "ನನಗೂ ಸ್ವಲ್ಪ ಗೋಡೆ ಕೊಡಿ," ಎಂದು ಬಾಗಿಲಲ್ಲಿ ನಿಂತರು. ಹಿಮ್ಮಡಿಗೂ ಗೋಡೆಗೂ ಏನು ಸಂಬಂಧ ಎಂದು ವಿವರಿಸುವಷ್ಟರಲ್ಲಿ ಅವಳ ಗಂಟಲು ಒಣಗಿತು.

ರೋಲರ್ ಏರುತ್ತ ಹೋದಂತೆ ಕೈಯೂ ಏರಿತು. ತಲೆಯ ಮಟ್ಟ ದಾಟಿತು. ಪೂರ್ತಿ ನೆಟ್ಟಗೆ ಆಗಲೇ ಇಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಆಗುತ್ತಿತ್ತು ಎಂದು ಅವಳು ಹೇಳದೆ ಬಿಡಲಿಲ್ಲ. ಗೋಡೆಯ ಮೇಲ್ತುದಿಯನ್ನು ಪೇಂಟರ್ ಗಟ್ಟಿ ಮಣೆಯೊಂದರ ಮೇಲೆ ನಿಂತು ಮುಗಿಸಿದ. ಆ ಮಣೆಯನ್ನು ಅವಳೇ ಗಟ್ಟಿಯಾಗಿ ಹಿಡಿದು ನಿಂತಿದ್ದಳು, ಇನ್ನೊಮ್ಮೆ ಬಿದ್ದೀರಿ ಎಂದು ಗದರುತ್ತ.

ಅದೇ ವಾರ ಅಲ್ಟ್ರಾಸೌಂಡ್ ಯಂತ್ರ ರಿಪೇರಿಯಾಗಿ ಬಂತು. ಮೆಕ್ಯಾನಿಕ್ ಹಿಡಿಕೆಯ ಮೇಲೆ ನೀರು ಬಿಟ್ಟು ತೋರಿಸಿದ, ಹನಿಗಳು ಚೆನ್ನಾಗಿಯೇ ಕುಣಿದವು. ಪೇಂಟರ್ ಅದನ್ನು ಬಗ್ಗಿ ನೋಡಿ, ತಲೆದೂಗಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ನೋಡಿ, ಇದೊಂದು ಸರಿಯಿದ್ದಿದ್ರೆ ನನ್ನ ಕೈ ಯಾವತ್ತೋ ಗುಣ ಆಗ್ತಿತ್ತು. ಇದಿಲ್ದೆ ಪಾಪ, ಮೇಡಂ ಏನೇನೋ ಮಾಡಬೇಕಾಯ್ತು."

ಬೆಂಚಿನವರೆಲ್ಲ ಹೌದೌದು ಎಂದರು.

ಕರೆಂಟು ಮೇಡಂ ಬಿಸಿನೀರಿನ ತೊಟ್ಟಿಯ ಮುಚ್ಚಳ ತೆರೆದು, ಹಬೆಯಲ್ಲಿ ಮುಖ ಮರೆಸಿಕೊಂಡು, ಬಾಯಿಗೆ ಬಂದದ್ದನ್ನು ತೊಟ್ಟಿಗೇ ಹೇಳಿದಳು.

ಪೇಂಟರ್ ಕೆಲಸಕ್ಕೆ ಮರಳಿದ. ಗೋಡೆ, ಬಾಗಿಲು, ಕಿಟಕಿ ತಾನು ಹೊಡೆಯುತ್ತಾನೆ. ಸೀಲಿಂಗ್ ಬಂದರೆ ಭಾವಮೈದುನನನ್ನು ಕರೆಯುತ್ತಾನೆ. ಬಹಳ ದಿನ ಅವರ ಸುದ್ದಿಯೇ ಇರಲಿಲ್ಲ. ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪೇಂಟರ್ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಡ ಹೊರಗೆ ಬೆಂಚಿನ ಮೇಲೆ ಯಾರಿಗೋ ಪಾಠ ಹೇಳುತ್ತಿರುವುದು ಕೇಳಿಸುತ್ತಿತ್ತು.

"ಏನಾಯ್ತು? ಮತ್ತೆ ಭುಜಾನಾ?"

"ಅವರಿಗಲ್ಲ ಮೇಡಂ. ನನಗೆ." ಅವಳು ಸಂಕೋಚದಿಂದ ಬಲಗೈ ಮುಂದೆ ಚಾಚಿದಳು. ಹೆಬ್ಬೆರಳಿನ ಬುಡ, ಮಣಿಕಟ್ಟಿನ ಹತ್ತಿರ ಊದಿಕೊಂಡು ಕೆಂಪಾಗಿತ್ತು. ಮುಟ್ಟಿದ್ದೇ ತಡ ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾವಾಗಿನಿಂದ ಇದು?"

"ಅವರು ಬಿದ್ದಾಗಿನಿಂದ ಇರಬೇಕು. ನೀರು ತರೋದು, ಬಟ್ಟೆ ಹಿಂಡೋದು, ಅವರಿಗೆ ಸ್ನಾನ ಮಾಡ್ಸೋದು, ಆ ಡಬ್ಬಿಗಳು ಬೇರೆ. ಒಂದೇ ಕೈಗೆ ಎಲ್ಲಾ ಬಿತ್ತು."

"ದಿನಾ ಇಲ್ಲಿಗೇ ಬರ್ತಿದ್ರಲ್ಲ. ಇದೇ ಕುರ್ಚಿ ಮೇಲೆ ಕೂತಿದ್ರಿ. ಒಂದು ಮಾತು ಹೇಳೋಕೆ ಏನಾಗಿತ್ತು?"

"ಅವರದ್ದು ಮುಗೀಲಿ ಅಂತ." ಸ್ವಲ್ಪ ತಡೆದು ಸೇರಿಸಿದಳು, "ನನಗೆ ಮಷಿನ್ ಗಿಷಿನ್ ಏನೂ ಬೇಡ ಮೇಡಂ. ವ್ಯಾಯಾಮ ಏನು ಅಂತ ತೋರಿಸಿಬಿಡಿ. ಎಷ್ಟು ಕಷ್ಟ ಇದ್ರೂ ಮಾಡ್ತೀನಿ."

ಇಷ್ಟು ವರ್ಷಗಳಲ್ಲಿ ಆ ಕೋಣೆಯೊಳಗೆ ಯಾರ ಬಾಯಿಂದಲೂ ಬರದಿದ್ದ ಮಾತು. ಅದು ಬಂದದ್ದು ವ್ಯಾಯಾಮವೇ ಕೂಡದವಳ ಬಾಯಿಂದ. ಕರೆಂಟು ಮೇಡಂ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ನಿಮಗೆ ವ್ಯಾಯಾಮ ಬೇಡ. ಈಗ ಈ ಕೈಗೆ ಬೇಕಾಗಿರೋದು ವಿಶ್ರಾಂತಿ. ಕೆಲವು ವಾರ ಈ ಹೆಬ್ಬೆರಳಿಂದ ಏನನ್ನೂ ಎತ್ತಬಾರ್ದು, ಹಿಂಡಬಾರ್ದು, ಹಿಸುಕಬಾರ್ದು. ಸುಮ್ನಿರಬೇಕು."

ಪೇಂಟರ್ ಹೆಂಡತಿ ಬಹಳ ಹೊತ್ತು ಯೋಚಿಸಿದಳು. "ಅದೊಂದು ಆಗಲ್ಲ ಮೇಡಂ. ಬೇರೆ ಏನಾದ್ರೂ ಹೇಳಿ."

ಮೇಡಂ ಐಸು ತಂದು ಊದಿದ ಜಾಗಕ್ಕಿಟ್ಟಳು. ಆಮೇಲೆ ಗಟ್ಟಿ ಪಟ್ಟಿಯೊಂದನ್ನು ಕತ್ತರಿಸಿ, ಹೆಬ್ಬೆರಳು ಅಲ್ಲಾಡದಂತೆ ಮಣಿಕಟ್ಟಿಗೆ ಸೇರಿಸಿ ಬಿಗಿಯಾಗಿ ಕಟ್ಟಿದಳು. ಎದ್ದು ಹೋಗಿ ಬಾಗಿಲು ತೆರೆದಳು.

"ಯಜಮಾನ್ರೇ, ಒಳಗೆ ಬನ್ನಿ."

ಪೇಂಟರ್ ನಗುನಗುತ್ತ ಬಂದ. "ಏನು ಮೇಡಂ, ಇನ್ನೊಂದು ಗೋಡೆನಾ?"

"ಅಲ್ಲ. ಇವತ್ತಿನಿಂದ ಮನೇಲಿ ಬಟ್ಟೆ ಹಿಂಡೋದು ನೀವು. ನೀರು ತರೋದೂ ನೀವೇ. ಭುಜಕ್ಕೂ ಒಳ್ಳೇದು."

ಪೇಂಟರ್ ಹೆಂಡತಿಯ ಕೈಯ ಕಟ್ಟು ನೋಡಿದ. ನಗು ನಿಂತಿತು. ನೆಲದ ಮೇಲಿದ್ದ ಅವಳ ಚೀಲ ಎತ್ತಿಕೊಂಡ.

"ಅವರಿಗೆ ಸರಿಯಾಗಿ ಹಿಂಡೋಕೆ ಬರಲ್ಲ ಮೇಡಂ," ಎಂದಳು ಹೆಂಡತಿ, ಎದ್ದು ಹಿಂದೆ ಹೊರಡುತ್ತ.

"ಕಲೀತಾರೆ," ಎಂದು ಕರೆಂಟು ಮೇಡಂ ಮುಂದಿನವರನ್ನು ಒಳಗೆ ಕರೆದಳು.